ಕಿಂಗ್ ಕ್ರಿಮ್ಸನ್: ಮೊದಲ ಆಲ್ಬಂ ಆದ ಮೇಲೆ ಯಾವುದು?

ಇಂಗ್ಲೆಂಡಿನ ರಾಕ್ ತಂಡ ಕಿಂಗ್ ಕ್ರಿಮ್ಸನ್‌ನ ಮೊದಲ ಆಲ್ಬಂ ಕೇಳಿ ತಲೆ ಕೆಟ್ಟು ಹೋಗಿದೆ, ಮುಂದೆ ಯಾವುದು ಕೇಳಲಿ, ಇವರದ್ದರಲ್ಲಿ ಎಲ್ಲಕ್ಕಿಂತ ಒಳ್ಳೆಯದು ಯಾವುದು ಅಂತ ಕೇಳಿದ್ದೀರಿ. ಒಬ್ಬರು 'ಮೊದಲನೆಯದೊಂದೇ ಸಾಕು, ಆಮೇಲೆಲ್ಲ ಇಳಿಮುಖ' ಅಂತ ಉತ್ತರ ಕೊಟ್ಟಿದ್ದಾರೆ. ಇನ್ನೊಬ್ಬರು ಇವರ 1974ರ ಆಲ್ಬಂ ಹೆಸರು ಹೇಳಿ, 'ರೆಡ್, ಮಾತು ಮುಗಿಯಿತು' ಅಂದಿದ್ದಾರೆ. ನಾನು ಎರಡನೆಯವರ ಕಡೆ. ಆದರೆ ಯಾಕೆ ಅಂತ ಅವರು ಹೇಳಿಲ್ಲ. ಯಾಕೆ ಅಂತ ಗೊತ್ತಾದರೆ ಉಳಿದ ಆಲ್ಬಂಗಳೂ ಸುಲಭವಾಗಿ ಹಿಡಿತಕ್ಕೆ ಸಿಗುತ್ತವೆ. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತಿದ್ದೇನೆ.

ಮೊದಲು ಒಂದು ವಿಷಯ. ಇದು ಒಂದೇ ತಂಡ ಅಂದುಕೊಂಡು ಕೇಳಬೇಡಿ. 1969ರಿಂದ 2021ರವರೆಗೆ ಪ್ರತಿಯೊಂದು ಕೂಟದಲ್ಲೂ ಇದ್ದವರು ಗಿಟಾರ್ ನುಡಿಸುವ ರಾಬರ್ಟ್ ಫ್ರಿಪ್ ಒಬ್ಬರೇ. ಜನ ಬದಲಾದ ಹಾಗೆಲ್ಲ ಸಂಗೀತವೂ ಬುಡಸಮೇತ ಬದಲಾಗಿದೆ. ಒಂದು ಆಲ್ಬಂ ಹಿಡಿಸಲಿಲ್ಲ ಅಂತ ತಂಡವನ್ನೇ ಬಿಟ್ಟವರು ತುಂಬಾ ಜನ ಇದ್ದಾರೆ. ಅವರು ಎರಡು ವರ್ಷ ಮುಂದಕ್ಕೋ ಹಿಂದಕ್ಕೋ ಹೋಗಿದ್ದರೆ ಸಾಕಿತ್ತು.

ನೀವು ಕೇಳಿದ ಮೊದಲನೆಯದು, 'ಇನ್ ದ ಕೋರ್ಟ್ ಆಫ್ ದ ಕ್ರಿಮ್ಸನ್ ಕಿಂಗ್', ದೊಡ್ಡ ಆಲ್ಬಂ, ಅದರಲ್ಲಿ ಎರಡು ಮಾತಿಲ್ಲ. 1969ರ ಅಕ್ಟೋಬರ್‌ನಲ್ಲಿ ಬಂದದ್ದು ಅಂತ ನೆನೆಸಿಕೊಂಡರೆ ಇವತ್ತಿಗೂ ಬೆರಗಾಗುತ್ತದೆ. ಮೊದಲ ಹಾಡಿನ ನಡುವೆ ಗಿಟಾರ್, ಸ್ಯಾಕ್ಸೋಫೋನ್, ಬಾಸ್, ಡ್ರಮ್ಸ್ ನಾಲ್ಕೂ ಒಟ್ಟಿಗೆ ಓಡಿ, ಗಕ್ಕನೆ ನಿಂತು, ಮತ್ತೆ ಓಡುವ ಜಾಗ ಇದೆ ನೋಡಿ. ನಿಂತ ಕಡೆ ಒಂದು ಕೂದಲೆಳೆಯಷ್ಟೂ ಸದ್ದಿಲ್ಲ. ಆಮೇಲೆ ಆ ಮೆಲೊಟ್ರಾನ್. ಒಂದೊಂದು ಕೀ ಒತ್ತಿದಾಗ ಒಳಗೆ ಒಂದೊಂದು ಟೇಪ್ ತುಣುಕು ಎಳೆಯುವ ಕೀಬೋರ್ಡ್ ಅದು. ಎಂಟು ಸೆಕೆಂಡಿನ ಹೊತ್ತಿಗೆ ಟೇಪ್ ಮುಗಿದುಬಿಡುತ್ತದೆ. ಪಿಟೀಲುಗಳ ಮೇಳ ಹಳೆಯ ಗಾಳಿಯಲ್ಲಿ ತೇಲಿಬಂದ ಹಾಗೆ ಕೇಳುವುದು ಅದಕ್ಕೇ. ನನ್ನ ತಕರಾರು ಒಂದೇ. ಈ ಆಲ್ಬಂನಲ್ಲಿ ಎಲ್ಲವನ್ನೂ ತುಂಬಿ ಬಡಿಸಿದ್ದಾರೆ. ಅವರಿಗೆ ಏನೇನು ಬರುತ್ತಿತ್ತೋ ಎಲ್ಲ ಇದೆ.

ಅದೇ ವರ್ಷದ ಕೊನೆಗೆ ಸ್ಯಾಕ್ಸೋಫೋನ್, ಮೆಲೊಟ್ರಾನ್ ನುಡಿಸುತ್ತಿದ್ದ ಇಯಾನ್ ಮೆಕ್‌ಡೊನಾಲ್ಡ್, ಡ್ರಮ್ಸ್‌ನ ಮೈಕಲ್ ಜೈಲ್ಸ್ ಇಬ್ಬರೂ ಹೊರಟರು. ಗಾಯಕ ಗ್ರೆಗ್ ಲೇಕ್ ಕೂಡ ಸ್ವಲ್ಪದರಲ್ಲೇ ಹೊರಟು, ಎಮರ್ಸನ್, ಲೇಕ್ ಅಂಡ್ ಪಾಮರ್ ಅನ್ನುವ ತಂಡ ಕಟ್ಟಿದರು. 1970ರ 'ಇನ್ ದ ವೇಕ್ ಆಫ್ ಪೊಸೈಡನ್' ಮೊದಲ ಆಲ್ಬಂನ ಅಚ್ಚಿನಲ್ಲೇ ಎರಕ ಹೊಯ್ದ ಹಾಗಿದೆ. ಇಳಿಮುಖ ಅಂದವರ ಮಾತನ್ನು ಈ ಒಂದು ಆಲ್ಬಂ ಮಟ್ಟಿಗೆ ನಾನು ಒಪ್ಪುತ್ತೇನೆ. 'ಲಿಜರ್ಡ್', 'ಐಲೆಂಡ್ಸ್' ಎರಡನ್ನೂ ಸದ್ಯಕ್ಕೆ ಪಕ್ಕಕ್ಕಿಡಿ, 'ಲಿಜರ್ಡ್' ಬಗ್ಗೆ ಆಮೇಲೆ ಹೇಳುತ್ತೇನೆ.

ಈಗ ನನ್ನ ವಾದಕ್ಕೆ ಬರುತ್ತೇನೆ. ಇವರನ್ನು ಸೇರಿಸುವ ಪ್ರೋಗ್ರೆಸಿವ್ ರಾಕ್ (ಉದ್ದದ, ಜಟಿಲ ರಚನೆಗಳ ರಾಕ್) ಅಂದರೆ ಜಾಸ್ತಿ ನುಡಿಸುವುದು ಅಂತ ಒಂದು ಹೆಸರು ಬಂದುಬಿಟ್ಟಿದೆ. ಕ್ರಿಮ್ಸನ್ ಬೇರೆ ಆಗುವುದು ಇಲ್ಲೇ. ಇವರಿಗೆ ಕೈ ಕಟ್ಟಿ ಕೂರುವುದು ಗೊತ್ತಿತ್ತು. ಮಾತಿಗೆ ಹೇಳುತ್ತಿಲ್ಲ, ನಿಜವಾಗಿಯೂ ಹಾಗೇ ಕೂತಿದ್ದರು. 1974ರ 'ಸ್ಟಾರ್‌ಲೆಸ್ ಅಂಡ್ ಬೈಬಲ್ ಬ್ಲ್ಯಾಕ್' ಆಲ್ಬಂನಲ್ಲಿ 'ಟ್ರಿಯೋ' ಅಂತ ಒಂದು ತುಣುಕಿದೆ. ಆಮ್‌ಸ್ಟರ್‌ಡ್ಯಾಮ್‌ನ ಕಾನ್ಸರ್ಟ್‌ಹೆಬೌ ಸಭಾಂಗಣದಲ್ಲಿ 1973ರ ನವೆಂಬರ್‌ನಲ್ಲಿ, ವೇದಿಕೆಯ ಮೇಲೆ ಆ ಕ್ಷಣದಲ್ಲೇ ಹುಟ್ಟಿದ್ದು. ಡೇವಿಡ್ ಕ್ರಾಸ್ ಪಿಟೀಲು, ಜಾನ್ ವೆಟ್ಟನ್ ಬಾಸ್, ಫ್ರಿಪ್ ಮೆಲೊಟ್ರಾನ್. ಡ್ರಮ್ಸ್‌ನ ಬಿಲ್ ಬ್ರೂಫರ್ಡ್ ಕೋಲುಗಳನ್ನು ಎದೆಯ ಮೇಲೆ ಅಡ್ಡ ಹಿಡಿದು ಸುಮ್ನೆ ಕೂತರು. ಒಂದು ಪೆಟ್ಟೂ ಹಾಕಲಿಲ್ಲ. ಹಾಗೆ ಹಾಕದೆ ಇದ್ದುದಕ್ಕೇ ಆ ತುಣುಕಿನ ರಚನೆಕಾರರಲ್ಲಿ ಅವರ ಹೆಸರನ್ನೂ ಸೇರಿಸಿದರು. ಕೇಳಿ ನೋಡಿ, ಬಾರಿಸದ ಡ್ರಮ್ಸ್ ಕಿವಿಗೆ ಕೇಳುತ್ತದೆ. ಅಂದ ಹಾಗೆ, ಈ ಆಲ್ಬಂನ ಹೆಚ್ಚಿನ ಪಾಲು ಸಭೆಯಲ್ಲಿ ನುಡಿಸಿದ್ದನ್ನೇ ಚಪ್ಪಾಳೆ ತೆಗೆದು ಹಾಕಿದ್ದು. ಪೂರ್ತಿ ಸ್ಟುಡಿಯೋದಲ್ಲಿ ಆದದ್ದು ಮೊದಲ ಎರಡು ಹಾಡು ಮಾತ್ರ.

ಹೀಗೆ ತಮ್ಮ ಕೈಯನ್ನು ತಾವೇ ತಡೆದುಕೊಳ್ಳುವುದು 'ರೆಡ್'ನಲ್ಲಿ ಪೂರ್ತಿ ಮಾಗಿದೆ. ಅದೂ 1974ರದ್ದೇ. ಆ ಹೊತ್ತಿಗೆ ಕ್ರಾಸ್ ಹೊರಗೆ, ಉಳಿದವರು ಮೂವರು. ಕೊನೆಯ ಹಾಡು 'ಸ್ಟಾರ್‌ಲೆಸ್', 12 ನಿಮಿಷದ್ದು. ಹೊಸಬರಿಗೆ ಇಲ್ಲಿ ಯಾವಾಗಲೂ ಗೊಂದಲ: 'ಸ್ಟಾರ್‌ಲೆಸ್' ಹಾಡು ಇರುವುದು 'ರೆಡ್'ನಲ್ಲಿ, ಆ ಹೆಸರಿನ ಆಲ್ಬಂನಲ್ಲಲ್ಲ. ವೆಟ್ಟನ್ ಇದನ್ನು ಮೊದಲು ತಂದಾಗ ಉಳಿದವರಿಗೆ ಹಿಡಿಸಿರಲಿಲ್ಲ, ಹಾಗಾಗಿ ಹೆಸರು ಒಂದು ಕಡೆ ಹೋಯಿತು, ಹಾಡು ಇನ್ನೊಂದು ಕಡೆ ಬಂತು.

ಇದನ್ನು ಹೆಡ್‌ಫೋನ್ ಹಾಕಿಕೊಂಡು, ನಡುವೆ ಯಾರೂ ಕರೆಯದ ಹೊತ್ತು ನೋಡಿ ಕೇಳಿ. ಮೊದಲ ನಾಲ್ಕು ನಿಮಿಷಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು ಮೆಲೊಟ್ರಾನ್, ಗಿಟಾರ್, ವೆಟ್ಟನ್ ಅವರ ಭಾರವಾದ ದನಿ. ಮೊದಲ ಆಲ್ಬಂನ ದುಃಖ ನಿಮಗೆ ಇಷ್ಟ ಆಗಿದ್ದರೆ ಅದೇ ದುಃಖ ಇಲ್ಲಿ ಇನ್ನಷ್ಟು ಬೆಳೆದು ನಿಂತಿದೆ. ಆಮೇಲೆ ಎಲ್ಲ ನಿಲ್ಲುತ್ತದೆ. ಬಾಸ್ 13 ಎಣಿಕೆಯ ಒಂದು ಸುತ್ತು ಹಿಡಿಯುತ್ತದೆ. ಅದನ್ನು ಕಟ್ಟಿದ್ದು ಬ್ರೂಫರ್ಡ್. ಅದರ ಮೇಲೆ ಫ್ರಿಪ್ ಒಂದೇ ಸ್ವರ ನುಡಿಸುತ್ತಾರೆ. ಅದನ್ನೇ ಮತ್ತೆ, ಮತ್ತೆ. ಬಾಸ್ ಜಾಗ ಬದಲಿಸಿದಾಗ ಇವರೂ ಇನ್ನೊಂದು ಸ್ವರಕ್ಕೆ ಜರುಗುತ್ತಾರೆ, ಅಷ್ಟೇ. ಪಕ್ಕದಲ್ಲಿ ಬ್ರೂಫರ್ಡ್ ಅಲ್ಲೊಂದು ಇಲ್ಲೊಂದು ಸಣ್ಣ ಸದ್ದು ಉದುರಿಸುತ್ತಿರುತ್ತಾರೆ. ನಾಲ್ಕೂವರೆ ನಿಮಿಷ ಹೀಗೇ ಏರುತ್ತದೆ. ಗಿಟಾರ್‌ನಲ್ಲಿ ಬೇಕಾದ್ದು ಮಾಡಬಲ್ಲ ಮನುಷ್ಯ ಒಂದೇ ಸ್ವರಕ್ಕೆ ಅಂಟಿಕೊಂಡು ಕೂತಿದ್ದಾರೆ ಅಂತ ಅರಿವಾದಾಗ ನನಗೆ ಮೈ ಜುಮ್ಮೆಂದಿತ್ತು. ಈಗಲೂ ಎನ್ನುತ್ತದೆ. ಕೊನೆಗೆ ಕಟ್ಟೆ ಒಡೆದು ಎಲ್ಲರೂ ನುಗ್ಗುತ್ತಾರೆ. ಆ ನುಗ್ಗಾಟದಲ್ಲಿ ಸ್ಯಾಕ್ಸೋಫೋನ್ ಊದುವವರು 1969ರಲ್ಲಿ ಬಿಟ್ಟು ಹೋಗಿದ್ದ ಮೆಕ್‌ಡೊನಾಲ್ಡ್ ಅವರೇ. ಆಮೇಲೆ ಆರಂಭದ ರಾಗ ಮತ್ತೆ ಬರುತ್ತದೆ. ಅದೇ ರಾಗ, ಆದರೆ ಈಗ ಅಳು ಬರುತ್ತದೆ.

'ರೆಡ್'ನಲ್ಲಿ ಸೋತ ಜಾಗವೂ ಇದೆ ಅಂತ ಹೇಳಿಬಿಡುತ್ತೇನೆ. ನಾಲ್ಕನೆಯ 'ಪ್ರಾವಿಡೆನ್ಸ್' ಸಭೆಯಲ್ಲಿ ಆ ಕ್ಷಣದಲ್ಲೇ ಹುಟ್ಟಿಸಿ ನುಡಿಸಿದ್ದು, ಮೊದಲರ್ಧ ತೆವಳುತ್ತದೆ. ಆದರೆ ಉಳಿದ ನಾಲ್ಕು ಇದನ್ನು ಹೊತ್ತು ನಡೆಯುತ್ತವೆ. 'ಒನ್ ಮೋರ್ ರೆಡ್ ನೈಟ್‌ಮೇರ್' ಕೇಳುವಾಗ ತಗಡು ಬಡಿದ ಹಾಗೆ ಒಂದು ಸಿಂಬಲ್ (ಡ್ರಮ್ಸ್‌ನ ಜೊತೆಗಿರುವ ಲೋಹದ ತಟ್ಟೆ) ಸದ್ದು ಬರುತ್ತದಲ್ವಾ, ಅದು ಅಭ್ಯಾಸದ ಕೋಣೆಯ ಕಸದಲ್ಲಿ ಬ್ರೂಫರ್ಡ್‌ಗೆ ಸಿಕ್ಕ ಸೊಟ್ಟ ಸಿಂಬಲ್. ಆಲ್ಬಂ ಅಕ್ಟೋಬರ್‌ನಲ್ಲಿ ಬರುವ ಮೊದಲೇ ಫ್ರಿಪ್ ತಂಡವನ್ನೇ ಮುಗಿಸಿಬಿಟ್ಟಿದ್ದರು.

ನನ್ನ ಎರಡನೆಯ ಸ್ಥಾನಕ್ಕೆ ಇಲ್ಲಿ ಜಗಳ ಆಗುತ್ತದೆ ಅಂತ ಗೊತ್ತು. ಅದು ಫ್ರಿಪ್ ಮತ್ತೆ ತಂಡ ಕಟ್ಟಿದ ಮೇಲೆ ಬಂದ 1981ರ 'ಡಿಸಿಪ್ಲಿನ್'. ಮೆಲೊಟ್ರಾನ್ ಇಲ್ಲ, ಪಿಟೀಲು ಇಲ್ಲ, ಸ್ಯಾಕ್ಸೋಫೋನ್ ಇಲ್ಲ. ಎರಡನೆಯ ಗಿಟಾರಿಗೂ ಹಾಡುವುದಕ್ಕೂ ಏಡ್ರಿಯನ್ ಬೆಲ್ಯೂ, ಬಾಸ್‌ಗೆ ಟೋನಿ ಲೆವಿನ್. ಲೆವಿನ್ ಹಿಡಿದದ್ದು ಸ್ಟಿಕ್, ಎರಡೂ ಕೈಯ ಬೆರಳಿನಿಂದ ತಂತಿ ತಟ್ಟಿ ನುಡಿಸುವ ವಾದ್ಯ. ಬ್ರೂಫರ್ಡ್‌ಗೆ ಈ ಸಲ ಸಿಂಬಲ್ ಕಡಿಮೆ ಮಾಡಿ ಅಂದಿದ್ದರು ಫ್ರಿಪ್. ಮತ್ತೆ ಅದೇ ತಡೆ ನೋಡಿ, ಸಂಗೀತ ಮಾತ್ರ ಪೂರ್ತಿ ಬೇರೆ. 'ಫ್ರೇಮ್ ಬೈ ಫ್ರೇಮ್'ನಲ್ಲಿ ಎರಡು ಗಿಟಾರ್ 7ರ ಎಣಿಕೆಯಲ್ಲಿ ಜೊತೆಯಾಗಿ ಹೊರಡುತ್ತವೆ. ಒಂದು ಗಿಟಾರ್ 7 ಸ್ವರವನ್ನು ಎರಡು ಸಲ ನುಡಿಸಿ 14 ಮುಗಿಸುವಷ್ಟರಲ್ಲಿ ಇನ್ನೊಂದು ಒಂದು ಸ್ವರ ಬಿಟ್ಟು 13ಕ್ಕೇ ಮುಗಿಸುತ್ತದೆ. ಹಾಗಾಗಿ ಪ್ರತಿ ಸುತ್ತಿನಲ್ಲೂ ಒಂದೊಂದು ಸ್ವರದಷ್ಟು ದೂರ ಸರಿದು, ತಿರುಗಿ ಬಂದು ಕೂಡಿಕೊಳ್ಳುತ್ತವೆ. ಮೊದಲ ಸಲ ಎರಡನ್ನೂ ಹಿಡಿಯಲು ಹೋಗಬೇಡಿ. ಒಂದೇ ಗಿಟಾರ್ ಹಿಂದೆ ಹೋಗಿ, ಇನ್ನೊಂದು ಜಾರುವುದು ತಾನಾಗಿ ಕೇಳುತ್ತದೆ.

ಮೂರನೆಯದು 1973ರ 'ಲಾರ್ಕ್ಸ್ ಟಂಗ್ಸ್ ಇನ್ ಆಸ್ಪಿಕ್'. ಒಂದು ಎಚ್ಚರಿಕೆ: ಆರಂಭದ ಕೆಲವು ನಿಮಿಷ ತುಂಬಾ ಮೆಲ್ಲಗಿದೆ ಅಂತ ವಾಲ್ಯೂಮ್ ಏರಿಸಬೇಡಿ. ಗಿಟಾರ್ ಬಂದಾಗ ಕಿವಿ ಹೋಗುತ್ತದೆ. ಜೇಮಿ ಮ್ಯೂರ್ ಸರಪಳಿ, ಲೋಹದ ಹಾಳೆ, ಆಟಿಕೆ ಎಲ್ಲವನ್ನೂ ತಾಳವಾದ್ಯ ಮಾಡಿಕೊಂಡಿದ್ದು ಈ ಒಂದೇ ಆಲ್ಬಂನಲ್ಲಿ. ನಾಲ್ಕನೆಯದು ನಿಮ್ಮ ಮೊದಲ ಆಲ್ಬಂ.

'ಬೀಟ್', 'ತ್ರೀ ಆಫ್ ಎ ಪರ್ಫೆಕ್ಟ್ ಪೇರ್' ಎರಡೂ 'ಡಿಸಿಪ್ಲಿನ್'ನ ನೆರಳು. 1995ರ 'ಥ್ರ್ಯಾಕ್' ಆರು ಜನರದ್ದು, ಅಲ್ಲಲ್ಲಿ ಚೆನ್ನಾಗಿದೆ. 2003ರ 'ದ ಪವರ್ ಟು ಬಿಲೀವ್' ಅವರ ಕೊನೆಯ ಸ್ಟುಡಿಯೋ ಆಲ್ಬಂ, ಗಟ್ಟಿಯಾದದ್ದು, ಸಿಗಬೇಕಾದಷ್ಟು ಮನ್ನಣೆ ಸಿಕ್ಕಿಲ್ಲ.

ನೀವು ಹೀಗೆ ಹೋಗಿ. ಮೊದಲ ಆಲ್ಬಂನ ಮೊದಲ ಹಾಡಿನ ಅಬ್ಬರ ಹಿಡಿಸಿದ್ದರೆ 'ರೆಡ್'ನ ಮೊದಲ ಹಾಡಿನಿಂದ ಶುರು ಮಾಡಿ. ನಿಧಾನದ ಹಾಡುಗಳು ಹಿಡಿಸಿದ್ದರೆ ನೇರ 'ಸ್ಟಾರ್‌ಲೆಸ್'ಗೆ. ಆಮೇಲೆ 'ಲಾರ್ಕ್ಸ್ ಟಂಗ್ಸ್', ಒಂದೆರಡು ವಾರ ಬಿಟ್ಟು 'ಡಿಸಿಪ್ಲಿನ್'. ಬೆನ್ನು ಬೆನ್ನಿಗೆ ಕೇಳಿದರೆ 'ಡಿಸಿಪ್ಲಿನ್' ಬೇರೆ ಯಾರದ್ದೋ ಅನ್ನಿಸಿಬಿಡುತ್ತದೆ. ಅದಕ್ಕೇ ಬಿಡುವು ಕೊಡಿ.

'ಲಿಜರ್ಡ್' ಕೊನೆಗೆ. ಕೇಳುವಾಗ ಸಂಗೀತಗಾರ ಸ್ಟೀವನ್ ವಿಲ್ಸನ್ 2009ರಲ್ಲಿ ಹೊಸದಾಗಿ ಮಿಕ್ಸ್ ಮಾಡಿದ (ಮುದ್ರಿಸಿಟ್ಟ ವಾದ್ಯಗಳ ಸದ್ದನ್ನು ಮತ್ತೆ ಹದವಾಗಿ ಕೂಡಿಸಿದ) ಪ್ರತಿಯನ್ನೇ ಹುಡುಕಿ. ಹಳೆಯ ಮಿಕ್ಸ್‌ನಲ್ಲಿ ವಾದ್ಯಗಳು ಒಂದರ ಮೇಲೊಂದು ಬಿದ್ದಿವೆ. ಹೊಸದರಲ್ಲಿ ಕೀತ್ ಟಿಪ್ಪೆಟ್ ಅವರ ಪಿಯಾನೋ ಬಿಡಿಬಿಡಿಯಾಗಿ ಕೇಳುತ್ತದೆ. ಮೊದಲ ಆಲ್ಬಂಗೆ ಮಾತ್ರ ಹಳೆಯ ಮಿಕ್ಸ್ ಇಟ್ಟುಕೊಳ್ಳಿ. 2009ರದ್ದರಲ್ಲಿ 'ಮೂನ್‌ಚೈಲ್ಡ್' ಹಾಡಿನ ಉದ್ದವಾದ ಮೆಲ್ಲಗಿನ ಭಾಗವನ್ನು ಕತ್ತರಿಸಿ ಚಿಕ್ಕದು ಮಾಡಿದ್ದಾರೆ. ತುಂಬಾ ಜನಕ್ಕೆ ಆ ಭಾಗ ಬೇಜಾರು. ನನಗೆ ಮಾತ್ರ ಅವರು ಸುಮ್ಮನಿರುವುದನ್ನು ಮೊದಲು ಕಲಿಯಲು ಹೊರಟದ್ದು ಅಲ್ಲೇ ಅನ್ನಿಸುತ್ತದೆ.