ಪಿಕಪ್ ಹಿಂಬಾಗಿಲಿಗೆ ಮಡಚುವ ಮೇಜು: ಹಲಗೆ ಆಮೇಲೆ, ಸರಪಳಿ ಮೊದಲು

ಈ ಸಲ ಬಂದ ಪ್ರಶ್ನೆಗಳಲ್ಲಿ ನಾಲ್ಕು ಒಂದೇ ವಿಚಾರದ್ದು. ಪಿಕಪ್ ಗಾಡಿಯ ಹಿಂದಿನ ಬಾಗಿಲು ಇಳಿಸಿ, ಅದಕ್ಕೆ ಮಡಚುವ ಮೇಜು ಕೂರಿಸಿಕೊಳ್ಳುವುದು ಹೇಗೆ ಅಂತ. ಹುಬ್ಬಳ್ಳಿಯ ಗೋಕುಲ ರಸ್ತೆ ಕಡೆ ಗಾಡಿಗಳ ಬಾಡಿ ಕೆಲಸ ಮಾಡುತ್ತಲೇ ತಲೆ ಬೆಳ್ಳಗಾದವನು ನಾನು. ಇಂಥ ಮೇಜು ಬೇಕು ಅಂತ ಬರುವವರು ಮೊದಲು ಕೇಳುವುದು ಹಲಗೆ ಯಾವುದು ಹಾಕೋಣ ಅಂತ. ಸರಪಳಿಯ ಬಗ್ಗೆ ಒಬ್ಬರೂ ಕೇಳುವುದಿಲ್ಲ. ಅದಕ್ಕೇ ಮೊದಲ ಉತ್ತರ ಸ್ವಲ್ಪ ಉದ್ದವಾಯಿತು.

ಪ್ರಶ್ನೆ: ಸರ್, ನಾನು ಕುಂದಗೋಳ, ಲಕ್ಷ್ಮೇಶ್ವರ ಕಡೆ ಹೊಲಗಳಿಗೆ ಹೋಗಿ ಬೋರ್‌ವೆಲ್ ಮೋಟಾರು ರಿಪೇರಿ ಮಾಡ್ತೀನಿ. ನೆಲದ ಮೇಲೆ ಕುಂತು ಕುಂತು ಸೊಂಟ ಹಿಡಿದುಬಿಟ್ಟಿದೆ. ನನ್ನ ಪಿಕಪ್ಪಿನ ಹಿಂಬಾಗಿಲಿಗೆ 3 ಎಂಎಂ ಕಬ್ಬಿಣದ ತಗಡಿನ ಮಡಚುವ ಮೇಜು ಹಾಕಿಸಬೇಕು ಅಂತಿದೀನಿ. ಬಾಗಿಲು ಒಂದೂವರೆ ಅಡಿ, ಮೇಜು ಬಿಚ್ಚಿದರೆ ಇನ್ನೂ ಒಂದೂವರೆ ಅಡಿ ಹೊರಗೆ ಬರುತ್ತೆ. ಅದರ ಮೇಲೆ ವೈಸ್ (ಸಾಮಾನು ಬಿಗಿದು ಹಿಡಿಯುವ ಕಬ್ಬಿಣದ ಇಕ್ಕಳ) ಕೂರಿಸಬಹುದಾ? ಅಲ್ಲೇ ಸಣ್ಣಪುಟ್ಟ ವೆಲ್ಡಿಂಗ್ ಮಾಡಬಹುದಾ?

ಉತ್ತರ: ಮೊದಲು ಒಂದು ಲೆಕ್ಕ ಮಾಡೋಣ. ನಿಮ್ಮ ಬಾಗಿಲನ್ನು ಮಟ್ಟವಾಗಿ ಹಿಡಿದಿರುವುದು ಎರಡು ಸರಪಳಿ. ಅವು ಬಾಗಿಲಿನ ಹೊರ ಅಂಚಿಗೆ, ಅಂದರೆ ಬಿಜಾಗ್ರಿಯಿಂದ ಒಂದೂವರೆ ಅಡಿ ದೂರದಲ್ಲಿವೆ. ನೀವು 50 ಕೆಜಿಯ ಮೋಟಾರನ್ನು ಮೇಜಿನ ತುದಿಯಲ್ಲಿ, ಅಂದರೆ 3 ಅಡಿ ದೂರದಲ್ಲಿ ಇಟ್ಟಿರಿ ಅನ್ನಿ. ದೂರ ಎರಡು ಪಟ್ಟಾಯಿತು, ಹಾಗಾಗಿ ಸರಪಳಿಗಳು ಮೇಲಕ್ಕೆ ಹಿಡಿಯಬೇಕಾದ ಭಾರ 100 ಕೆಜಿ. ಅಷ್ಟಕ್ಕೇ ಮುಗಿಯಲಿಲ್ಲ. ಸರಪಳಿ ನೆಟ್ಟಗೆ ನಿಂತಿಲ್ಲ, ಓರೆಯಾಗಿದೆ. ಬಾಗಿಲಿಗೂ ಸರಪಳಿಗೂ ನಡುವಿನ ಕೋನ 45 ಡಿಗ್ರಿ ಇದ್ದರೆ ಒಟ್ಟು ಎಳೆತ ಸುಮಾರು 140 ಕೆಜಿ, ಒಂದೊಂದು ಸರಪಳಿಗೆ 70. ಓರೆ ಇನ್ನೂ ಜಾಸ್ತಿಯಾಗಿ 30 ಡಿಗ್ರಿಗೆ ಬಂದರೆ ಒಂದೊಂದಕ್ಕೆ 100. ಇದು ಮೋಟಾರು ಸುಮ್ನೆ ಮಲಗಿರುವಾಗಿನ ಲೆಕ್ಕ. ಅದರ ಮೇಲೆ ಸುತ್ತಿಗೆ ಹಾಕಿದಿರೋ, ಇದು ಎಷ್ಟಕ್ಕೋ ಏರುತ್ತದೆ.

ಬಿಜಾಗ್ರಿಯ ಕಥೆ ಇನ್ನೂ ಮಜಾ. ಬಾಗಿಲಿನ ಭಾರ ಬಿಜಾಗ್ರಿಯನ್ನು ಕೆಳಕ್ಕೆ ಒತ್ತುತ್ತದೆ ಅಂತ ಎಲ್ಲರೂ ತಿಳಿದಿರುತ್ತಾರೆ. ತುದಿಯಲ್ಲಿ ಭಾರ ಇಟ್ಟರೆ ಉಲ್ಟಾ ಆಗುತ್ತದೆ. ಬಾಗಿಲು ಸರಪಳಿಯನ್ನೇ ಆಸರೆ ಮಾಡಿಕೊಂಡು ತಕ್ಕಡಿಯ ಹಾಗೆ ತೂಗುತ್ತದೆ, ಒಳಗಿನ ಅಂಚು ಬಿಜಾಗ್ರಿಯನ್ನು ಮೇಲಕ್ಕೆ ಎಬ್ಬಿಸುತ್ತದೆ. ಹಳೇ ಗಾಡಿಗಳಲ್ಲಿ ಬಿಜಾಗ್ರಿಯ ಪಿನ್ನು ಮೇಲಿನ ಕಡೆ ಸವೆದಿರುವುದನ್ನು ಕಂಡು, ಇದ್ಯಾಕೆ ಹೀಗೆ ಅಂತ ಮೊದಮೊದಲು ನನಗೂ ತಿಳಿದಿರಲಿಲ್ಲ.

ಆದ್ದರಿಂದ ನಿಮ್ಮ ಮೇಜಿಗೆ ಕಾಲು ಬೇಕೇ ಬೇಕು. ಹೊರಗಿನ ಎರಡು ಮೂಲೆಗೆ ಮಡಚುವ ಎರಡು ಕಾಲು ಕೊಡಿ. ತುದಿಯ ಭಾರ ನೇರವಾಗಿ ನೆಲಕ್ಕೆ ಇಳಿಯುತ್ತದೆ, ಸರಪಳಿ ಹಗುರಾಗುತ್ತದೆ. ಆದರೆ ಕಾಲಿನ ಉದ್ದ ಒಂದೇ ಅಳತೆಗೆ ಮಾಡಿಸಬೇಡಿ. ಇದನ್ನು ಒತ್ತಿ ಹೇಳುತ್ತೇನೆ. ಸಾಮಾನು ತುಂಬಿರುವಾಗ ಗಾಡಿಯ ಹಿಂಭಾಗ ಸ್ಪ್ರಿಂಗ್ ಪಾಟಾದ ಮೇಲೆ ಕೆಳಗೆ ಕೂತಿರುತ್ತದೆ. ಪೈಪು, ಕೇಬಲ್ಲು ಇಳಿಸಿದ ಮೇಲೆ ಮೇಲೆ ಏಳುತ್ತದೆ. ಆಗ ಕಾಲು ಗಾಳಿಯಲ್ಲಿ ನೇತಾಡುತ್ತದೆ. ಇದರ ಉಲ್ಟಾ ಇನ್ನೂ ಕೆಟ್ಟದ್ದು. ಖಾಲಿ ಗಾಡಿಗೆ ಸರಿಯಾಗಿ ಕಾಲು ಕೊಟ್ಟು, ಆಮೇಲೆ ಇಬ್ಬರು ಗಾಡಿ ಹತ್ತಿದರೆ ಗಾಡಿಯ ಭಾರವೇ ಆ ಕಾಲಿನ ಮೇಲೆ ಬಂದು ಕಾಲು ಬಾಗುತ್ತದೆ. ಒಂದು ಪೈಪಿನೊಳಗೆ ಇನ್ನೊಂದು ಪೈಪು ಹೋಗುವ ಹಾಗೆ ಮಾಡಿಸಿ, ಅಡಿಗೆ ತಿರುಪಿನ ಪಾದ ಹಾಕಿಸಿ. ನಿಮ್ಮ ಕಡೆ ಎರೆಮಣ್ಣು. ಒಂದು ಮಳೆ ಬಿದ್ದರೆ ಸಪೂರ ಕಾಲು ಬೆಣ್ಣೆಯಲ್ಲಿ ಚಾಕು ಇಳಿದ ಹಾಗೆ ಇಳಿಯುತ್ತದೆ. ಒಂದಡಿ ಚೌಕದ ಎರಡು ದಪ್ಪ ಹಲಗೆ ತುಂಡು ಗಾಡಿಯಲ್ಲೇ ಇರಲಿ, ಪಾದದ ಕೆಳಗೆ ಇಡೋದಕ್ಕೆ.

ಇನ್ನು ಹಲಗೆ. 3 ಎಂಎಂ ಕಬ್ಬಿಣ ಬೇಡ. 4 ಅಡಿ ಅಗಲ, ಒಂದೂವರೆ ಅಡಿ ಉದ್ದದ ತಗಡೊಂದೇ 13 ಕೆಜಿ ಆಗುತ್ತದೆ. ಅದರ ಮೇಲೆ ಚೌಕಟ್ಟಿನ ತೂಕ ಬೇರೆ. ಅದೇ ಅಳತೆಯ 12 ಎಂಎಂ ಪ್ಲೈವುಡ್ ಐದು ಕೆಜಿ ಆಸುಪಾಸಿಗೇ ಮುಗಿಯುತ್ತದೆ. 25 ಎಂಎಂ ಚೌಕ ಪೈಪಿನ ಚೌಕಟ್ಟು ಸೇರಿದರೂ 10 ಕೆಜಿ ಆಸುಪಾಸು. ದಿನಕ್ಕೆ ಹತ್ತು ಸಲ ಬಾಗಿಲು ಎತ್ತಿ ಹಾಕುವವರು ನೀವು, ಆ ವ್ಯತ್ಯಾಸ ಸಂಜೆಗೆ ಸೊಂಟಕ್ಕೇ ಗೊತ್ತಾಗುತ್ತದೆ. ಪ್ಲೈವುಡ್ ತರುವಾಗ ಐಎಸ್ 710 ಅಂತ ಮುದ್ರೆ ಇದ್ದದ್ದೇ ತನ್ನಿ. ಅದು ನೀರಿಗೆ ತಡೆಯುವ ಮರೈನ್ ದರ್ಜೆ. ಅಂಚುಗಳಿಗೆ ಎರಡು ಕೈ ಬಣ್ಣ ಹೊಡೆಯಿರಿ, ನೀರು ಒಳಗೆ ಹೊಗುವುದೇ ಅಲ್ಲಿಂದ. ಇನ್ನೊಂದು ಮಾತು. ಏಪ್ರಿಲ್ ಬಿಸಿಲಲ್ಲಿ ಬರಿ ಕಬ್ಬಿಣದ ಮೇಜಿನ ಮೇಲೆ ಮೊಣಕೈ ಊರಿ ನೋಡಿ, ನಾನು ಯಾಕೆ ಬೇಡ ಅಂದೆ ಅಂತ ಗೊತ್ತಾಗುತ್ತದೆ.

ವೈಸ್ ಹೊರತುದಿಯ ನಡುವೆ ಬೇಡ. ಬಾಗಿಲಿನ ಒಂದು ಮೂಲೆಯಲ್ಲಿ, ಸರಪಳಿ ಕೂಡುವ ಕಡೆ ಕೂರಿಸಿ. ಪೈಪ್ ಪಾನಾ ಹಾಕಿ ಜಗ್ಗುವಾಗ ಭಾರ ಕೆಳಕ್ಕಲ್ಲ, ಅಡ್ಡಡ್ಡ ಬೀಳುತ್ತದೆ. ಆ ಜಗ್ಗಾಟಕ್ಕೆ ಸಪೂರ ಕಾಲುಗಳು ತಡೆಯುವುದಿಲ್ಲ, ಗಾಡಿಯ ಬಾಡಿಯೇ ತಡೆಯಬೇಕು. ಬಾಗಿಲಿನ ತಗಡು ತೆಳು, ಹಾಗಾಗಿ ಕೆಳಗಡೆ 5 ಎಂಎಂ ಪಟ್ಟಿ ಕೊಟ್ಟು ಬೋಲ್ಟ್ ಬಿಗಿಯಿರಿ. ಬರೀ ವಾಷರ್ ನಂಬಿದರೆ ತಗಡು ಹರಿಯುತ್ತದೆ.

ವೆಲ್ಡಿಂಗ್ ವಿಚಾರಕ್ಕೆ ನನ್ನ ಉತ್ತರ: ಮೇಜಿನ ಮೇಲೆ ಬೇಡ. 2020ರ ಏಪ್ರಿಲ್‌ನಿಂದ ಬಂದ ಬಿಎಸ್-6 (ಹೊಗೆ ನಿಯಮದ) ಗಾಡಿಗಳ ತುಂಬ ಸೆನ್ಸರು, ಕಂಟ್ರೋಲ್ ಯೂನಿಟ್ಟು. ಅರ್ಥ್ ಕ್ಲ್ಯಾಂಪನ್ನು ಬಾಗಿಲಿಗೆ ಕಚ್ಚಿಸಿದಿರೋ, ವೆಲ್ಡಿಂಗ್ ಕರೆಂಟು ಗಾಡಿಯ ಮೈಯಲ್ಲೆಲ್ಲ ಓಡಾಡುತ್ತದೆ. ಯೂನಿಟ್ ಸುಟ್ಟರೆ ಮೇಜಿನ ಖರ್ಚಿನ ಎಷ್ಟೋ ಪಟ್ಟು ಕೈ ಬಿಡುತ್ತದೆ. ಕಿಡಿ ಹಾರಿ ಹಿಂದಿನ ಗೋಣಿಚೀಲಕ್ಕೆ ಬೀಳುವುದು ಬೇರೆ. ಗಾಡಿಯಿಂದ ನಾಲ್ಕು ಮಾರು ದೂರ ನೆಲದ ಮೇಲೆ ಕಬ್ಬಿಣದ ಸಣ್ಣ ಸ್ಟೂಲ್ ಇಟ್ಟುಕೊಂಡು ವೆಲ್ಡ್ ಮಾಡಿ, ಅರ್ಥ್ ನೇರವಾಗಿ ಮಾಡುವ ಕೆಲಸಕ್ಕೇ ಹಚ್ಚಿ. ಹಾಗೆಯೇ ಈ ಮೇಜನ್ನು ಗಾಡಿಗೆ ಕೂರಿಸುವಾಗ ಫ್ಯಾಬ್ರಿಕೇಶನ್‌ನವರು ಬಾಗಿಲಿಗೆ ಬೆಸುಗೆ ಹಾಕಲು ಹೊರಟರೆ ಬ್ಯಾಟರಿಯ ನೆಗೆಟಿವ್ ಬಿಚ್ಚಿಸಿ. ನಾನಾದರೆ ಬೆಸುಗೆಯೇ ಹಾಕುವುದಿಲ್ಲ, ಬೋಲ್ಟ್ ಹಾಕುತ್ತೇನೆ.

ಚಿಲಕದ ಬಗ್ಗೆ ನೀವು ಕೇಳಿಲ್ಲ, ನಾನೇ ಹೇಳುತ್ತೇನೆ. ನಾನು ನನ್ನ ಗಾಡಿಗೆ ಮಾಡಿಕೊಂಡ ಮೊದಲ ಮೇಜಿಗೆ ಮನೆಯ ಕಿಟಕಿಯ ಚಿಲಕ ಹಾಕಿದ್ದೆ. ಅಣ್ಣಿಗೇರಿ ದಾಟಿ ಗದಗ ಕಡೆ ಹೊರಟಾಗ ಗಾಡಿ ಕುಲುಕಿ ಚಿಲಕ ತಾನಾಗೇ ಸರಿಯಿತು. ಬಾಗಿಲು ಮುಚ್ಚಿಯೇ ಇತ್ತು, ಒಳಗೆ ಮೇಜು ಬಿಚ್ಚಿ ಬಿದ್ದು ಪಾನಾಗಳ ಡಬ್ಬಿಯನ್ನು ಜಜ್ಜಿಹಾಕಿತ್ತು. ಬಾಗಿಲ ಹೊರಮೈಗೆ ಕೂರಿಸಿದ್ದರೆ ಹಿಂದೆ ಬರುತ್ತಿದ್ದ ಬೈಕಿನವನ ಗತಿ ಏನು? ಅದಾದ ಮೇಲೆ ನಾನು ಮಾಡುವ ಎಲ್ಲ ಮೇಜೂ ಬಾಗಿಲಿನ ಒಳಮೈಗೇ. ಚಿಲಕದ ಜೊತೆಗೆ ಅಡ್ಡ ಪಿನ್ನು, ಪಿನ್ನಿಗೆ ಸಣ್ಣ ಸರಪಳಿ.

ಪ್ರಶ್ನೆ: ಅಮೆರಿಕದ ಪಿಕಪ್‌ಗಳಲ್ಲಿ ಇಂಥ ಮೇಜು ಕಂಪನಿಯಿಂದಲೇ ಬರುತ್ತದಂತೆ. ಆನ್‌ಲೈನ್‌ನಲ್ಲಿ ಅಲ್ಯುಮಿನಿಯಂ ಮೇಜು ಸಿಗುತ್ತವೆ. ತರಿಸಿಕೊಂಡರೆ ನಮ್ಮ ಗಾಡಿಗೆ ಕೂರುತ್ತದಾ? (ಧಾರವಾಡದಿಂದ)

ಉತ್ತರ: ಬರುವುದು ನಿಜ. 2021ರ ಫೋರ್ಡ್ ಎಫ್-150ರಲ್ಲಿ ಹಿಂಬಾಗಿಲಿನ ಒಳಮೈಯನ್ನೇ ಕೆಲಸದ ಮೇಜಾಗಿ ಕೊಡುತ್ತಾರೆ. ಅದರಲ್ಲಿ ಅಳತೆಪಟ್ಟಿ ಅಚ್ಚಾಗಿದೆ, ಕ್ಲ್ಯಾಂಪ್ ಕಚ್ಚಿಸಲು ಜಾಗ ಇದೆ, ಪೆನ್ಸಿಲ್ ಇಡುವ ಗುಳಿಯೂ ಇದೆ. ಜಿಎಂಸಿಯವರು 2019ರ ಸಿಯೆರಾದಲ್ಲಿ ಬಾಗಿಲೊಳಗೆ ಇನ್ನೊಂದು ಬಾಗಿಲು ಇಟ್ಟು, ಆರು ರೀತಿ ಮಡಚುವ ಹಾಗೆ ಮಾಡಿದರು. ಒಳ್ಳೆಯ ಕೆಲಸ, ಒಪ್ಪಬೇಕು.

ಆದರೆ ಅಲ್ಲಿಯ ಬಾಗಿಲು ಎರಡು ಪದರದ್ದು, ಒಳಮೈ ಹೆಚ್ಚುಕಡಿಮೆ ಚಪ್ಪಟೆ. ಮಟ್ಟವಾಗಿ ನಿಲ್ಲುವುದೇ ಅದರ ಸಹಜ ಭಂಗಿ. ನಮ್ಮ ಸಣ್ಣ ಸರಕು ಗಾಡಿಗಳ ಬಾಗಿಲು ಸಾಮಾನ್ಯವಾಗಿ ಒಂದೇ ಪದರದ ಉಬ್ಬುತಗ್ಗಿನ ತಗಡು. ಮಾಲು ಇಳಿಸುವಾಗ ಪೂರ್ತಿ ಕೆಳಗೆ ನೇತುಬಿಡುವುದಕ್ಕೆ ಮಾಡಿದ್ದು. ಅಲ್ಲಿಯ ಮೇಜು ಇಲ್ಲಿ ಕೂರಬೇಕಾದರೆ ನಡುವೆ ಚೌಕಟ್ಟು ಕಟ್ಟಲೇಬೇಕು. ಚೌಕಟ್ಟು ಕಟ್ಟಿದ ಮೇಲೆ ಹಲಗೆಯೊಂದನ್ನು ಸಮುದ್ರ ದಾಟಿಸಿ ತರಿಸುವುದೇಕೆ? ನಿಮ್ಮದು ಹೈಲಕ್ಸ್ ಅಥವಾ ವಿ-ಕ್ರಾಸ್‌ನಂಥ, ಅಲ್ಲಿಯ ಥರದ್ದೇ ಬಾಗಿಲಿರುವ ಪಿಕಪ್ಪಾದರೆ ಮಾತು ಬೇರೆ. ಅದಕ್ಕೂ ಬಾಗಿಲಿನ ಅಗಲ ಟೇಪು ಹಿಡಿದು ಅಳೆದ ಮೇಲೆಯೇ ದುಡ್ಡು ಕಟ್ಟಿ.

ಪ್ರಶ್ನೆ: ಗದಗದಲ್ಲಿ ಸಂಜೆ ಹೊತ್ತು ಗಿರ್ಮಿಟ್, ಮಿರ್ಚಿ ಮಾರುತ್ತೇವೆ. ನಮ್ಮ ಯಜಮಾನರು ಟಾಟಾ ಏಸ್ ಹಿಂಬಾಗಿಲಿನ ಮೇಲೆ ಒಲೆ ಇಟ್ಟು ಅಲ್ಲೇ ಮಿರ್ಚಿ ಕರಿಯೋಣ ಅಂತಾರೆ. ನನಗೆ ಭಯ. ನೀವೇ ಹೇಳಿ.

ಉತ್ತರ: ಅಕ್ಕಾರೆ, ನಿಮ್ಮ ಭಯವೇ ಸರಿ. ಯಜಮಾನರಿಗೆ ಇದನ್ನು ಓದಿ ಹೇಳಿ. ಗಾಡಿ ಸ್ಪ್ರಿಂಗ್ ಮೇಲೆ ನಿಂತ ವಸ್ತು. ಯಾರೋ ಒಬ್ಬರು ಈರುಳ್ಳಿ ಚೀಲ ತೆಗೆಯಲು ಒಳಗೆ ಹತ್ತಿದರೂ ಬಾಗಿಲು ಅಲುಗುತ್ತದೆ. ಬಾಣಲೆ ತುಂಬ ಕಾದ ಎಣ್ಣೆ ಇರುವಾಗ ಆ ಅಲುಗಾಟ ಸಾಕು. ಒಲೆ ನೆಲದ ಮೇಲೆ, ಅಗಲ ಕಾಲಿನ ಸ್ಟ್ಯಾಂಡಿನ ಮೇಲೆ ಇರಲಿ. ಮಡಚುವ ಮೇಜು ಗಿರ್ಮಿಟ್ ಕಲಸುವುದಕ್ಕೆ, ಪ್ಲೇಟು ಕೊಡುವುದಕ್ಕೆ ಮಾತ್ರ.

ಸಿಲಿಂಡರನ್ನೂ ಗಾಡಿಯೊಳಗೆ ತಾಡಪತ್ರಿ ಕೆಳಗೆ ಇಡಬೇಡಿ. ಅಡುಗೆ ಅನಿಲ ಗಾಳಿಗಿಂತ ಭಾರ. ಸೋರಿದರೆ ಮೇಲೆ ಹೋಗುವುದಿಲ್ಲ, ಮೂರು ಕಡೆ ಗೋಡೆ ಇರುವ ಆ ತೊಟ್ಟಿಯಲ್ಲೇ ನೀರಿನ ಹಾಗೆ ನಿಲ್ಲುತ್ತದೆ. ಬಯಲಲ್ಲಿ, ನೆಟ್ಟಗೆ ನಿಲ್ಲಿಸಿ. ಮನೆಯ 14.2 ಕೆಜಿ ಸಿಲಿಂಡರು ವ್ಯಾಪಾರಕ್ಕೆ ಬಳಸುವಂತಿಲ್ಲ, 19 ಕೆಜಿಯಂಥ ವ್ಯಾಪಾರದ ಸಿಲಿಂಡರೇ ಆಗಬೇಕು.

ಮೇಜಿನ ಮೇಲೆ ಸ್ಟೀಲ್ ತಗಡು ಹಾಕಿಸಿ, ಆಗುವುದಾದರೆ 304 ದರ್ಜೆಯದ್ದು. ಕಡಿಮೆಗೆ ಬರುತ್ತದೆ ಅಂತ ಜಿಂಕ್ ತಗಡು ಹಾಕಬೇಡಿ. ನಿಮ್ಮದು ಹುಣಸೆಹುಳಿ, ಲಿಂಬೆಯ ಕೆಲಸ. ಹುಳಿ ತಾಗಿದರೆ ಜಿಂಕ್ ಕರಗಿ ತಿನ್ನುವ ಪದಾರ್ಥಕ್ಕೆ ಸೇರುತ್ತದೆ. ತಗಡಿನ ಅಂಚು ಕೆಳಕ್ಕೆ ಮಡಚಿರಲಿ, ಕೈ ಕೊಯ್ಯುವುದಿಲ್ಲ. ಹೊರಗಡೆಗೆ ಒಂದು ಸೆಂಟಿಮೀಟರ್ ಇಳಿಜಾರು ಇದ್ದರೆ ತೊಳೆದ ನೀರು ಗಾಡಿಯೊಳಗೆ ಹೋಗದು.

ಗದಗದ ಗಾಳಿ ನಿಮಗೆ ಹೇಳಿಕೊಡಬೇಕಾ? ಕಪ್ಪತಗುಡ್ಡದ ಮೇಲೆ ಆ ಗಾಳಿಯಂತ್ರಗಳನ್ನು ಸುಮ್ನೆ ನಿಲ್ಲಿಸಿಲ್ಲ. ಮಳೆಗಾಲದ ಗಾಳಿ ಪಡುವಣದಿಂದ ಬರುತ್ತದೆ. ಗಾಡಿಯ ಮೂತಿ ಪಡುವಣಕ್ಕೆ ಮಾಡಿ ನಿಲ್ಲಿಸಿದರೆ ಕ್ಯಾಬಿನ್ನೇ ಮರೆಯಾಗುತ್ತದೆ, ಚುರುಮುರಿ ಹಾರುವುದಿಲ್ಲ. ಒಲೆಯೂ ಆ ಮರೆಯಲ್ಲೇ ಇರಲಿ, ಆದರೆ ಗಾಡಿಯಿಂದ ದೂರ.

ಪ್ರಶ್ನೆ: ಹಾವೇರಿಯಲ್ಲಿ ಮರಗೆಲಸ ಮಾಡುತ್ತೇನೆ. ಇಂಥ ಮೇಜು ಹಾಕಿಸಿದರೆ ಆರ್‌ಟಿಒದವರು ತಕರಾರು ಮಾಡುತ್ತಾರಾ?

ಉತ್ತರ: ಮೋಟಾರು ವಾಹನ ಕಾಯ್ದೆ, 1988ರ 52ನೇ ಕಲಂ ಪ್ರಕಾರ ನೋಂದಣಿಯಲ್ಲಿರುವ ವಿವರವು ಕಂಪನಿ ಮೊದಲು ಕೊಟ್ಟ ವಿವರಕ್ಕಿಂತ ಬೇರೆಯಾಗುವ ಹಾಗೆ ಗಾಡಿಯನ್ನು ಬದಲಿಸುವಂತಿಲ್ಲ. ಬಾಗಿಲು ಕತ್ತರಿಸಿ, ಉದ್ದ ಮಾಡಿ, ಬೆಸುಗೆ ಹಾಕಿದರೆ ತಕರಾರಿಗೆ ದಾರಿ ನೀವೇ ಮಾಡಿಕೊಟ್ಟ ಹಾಗೆ. ಅಂಥದ್ದೇನಾದರೂ ಮನಸ್ಸಿನಲ್ಲಿದ್ದರೆ ಕೆಲಸಕ್ಕೆ ಮೊದಲೇ ಆರ್‌ಟಿಒ ಕಚೇರಿಯಲ್ಲಿ ಕೇಳಿಕೊಳ್ಳಿ.

ನಿಮ್ಮ ಕೆಲಸಕ್ಕೆ ನನ್ನ ಸಲಹೆ, ಕೊಕ್ಕೆ ಹಾಕಿ ಸಿಕ್ಕಿಸುವ ಬಿಡಿ ಮೇಜು. ನಿಂತಾಗ ತೆಗೆದು ಬಾಗಿಲಿಗೆ ಸಿಕ್ಕಿಸಿ, ಮುಗಿದ ಮೇಲೆ ಕಳಚಿ ಒಳಗೆ ಮಲಗಿಸಿ. ಮರಗೆಲಸಕ್ಕೆ ಎತ್ತರವೂ ಮುಖ್ಯ. ಉಜ್ಜುಗೊರಡು ಹಾಕುವಾಗ ಮೈಭಾರ ಬೀಳಬೇಕು, ಆದ್ದರಿಂದ ನೆಟ್ಟಗೆ ನಿಂತು ಕೈ ಇಳಿಬಿಟ್ಟಾಗ ಮಣಿಕಟ್ಟಿನ ಮಟ್ಟಕ್ಕೆ ಮೇಜು ಬರಲಿ. ಬಾಗಿಲು ಅದಕ್ಕಿಂತ ಎತ್ತರ ಇದ್ದರೆ ಕೊಕ್ಕೆಯನ್ನೇ ಉದ್ದ ಮಾಡಿಸಿ ಮೇಜನ್ನು ಕೆಳಗಿಳಿಸಬಹುದು. ಗಟ್ಟಿಯಾಗಿ ಕೂರಿಸಿಬಿಟ್ಟ ಮೇಜಿನಲ್ಲಿ ಈ ಅನುಕೂಲ ಇಲ್ಲ.

ಮೇಜು ಬಿಚ್ಚಿಕೊಂಡು ಮಾತ್ರ ಓಡಿಸಬೇಡಿ, ಪಕ್ಕದ ಓಣಿಗೂ ಬೇಡ. ಇಳಿಸಿದ ಬಾಗಿಲು ನಂಬರ್ ಪ್ಲೇಟನ್ನೋ ಹಿಂದಿನ ದೀಪವನ್ನೋ ಮುಚ್ಚಬಹುದು. ಉದ್ದದ ರೀಪರ್ ಪಟ್ಟಿಗಳನ್ನು ಆ ಮೇಜಿನ ಮೇಲೆ ಚಾಚಿಕೊಂಡು ಹೊರಟರೆ ಇನ್ನೂ ಕಷ್ಟ. ಸರಕು ಮಿತಿ ಮೀರಿ ಹೊರಗೆ ಚಾಚಿದರೆ 2019ರ ತಿದ್ದುಪಡಿಯ ಪ್ರಕಾರ ದಂಡ 20,000 ರೂಪಾಯಿ, ಜೊತೆಗೆ ಸರಕು ಇಳಿಸುವ ಖರ್ಚೂ ನಿಮ್ಮದೇ.