ನೈಲಾನ್ ಮಾಡಹೊರಟರೆ ಗೊಬ್ಬರ ಯಾಕೆ ಬರುತ್ತೆ?

ನೈಲಾನ್-6ಗೆ ಬೇಕಾದ ಕ್ಯಾಪ್ರೊಲ್ಯಾಕ್ಟಮ್ ತಯಾರಿಸುವ ಕಾರ್ಖಾನೆಗಳು ಅಮೋನಿಯಂ ಸಲ್ಫೇಟ್ ಗೊಬ್ಬರವನ್ನೂ ಮಾರುವುದೇಕೆ, ಇದು ಲಾಭಕ್ಕಾಗಿ ಹೂಡಿದ ಎರಡನೇ ವ್ಯಾಪಾರವೇ ಎಂದು ಕೇಳಿದ್ದೀರಿ. ಅಲ್ಲ. ಅದು ಕೊರಳಿಗೆ ಬಿದ್ದದ್ದು.

ಸೈಕ್ಲೋಹೆಕ್ಸಾನೋನ್ ಎಂಬ ಉಂಗುರಾಕಾರದ ಕಾರ್ಬನ್ ಸಂಯುಕ್ತಕ್ಕೆ ನೈಟ್ರೋಜನ್ ಇರುವ ಹೈಡ್ರಾಕ್ಸಿಲಮೈನ್ ಸೇರಿಸಿದರೆ ಆಕ್ಸೀಮ್ ಎಂಬ ನಡುವಿನ ವಸ್ತು ಸಿಗುತ್ತದೆ. ಅದನ್ನು ಓಲಿಯಂಗೆ, ಅಂದರೆ ಹೊಗೆಯಾಡುವ ಸಲ್ಫ್ಯೂರಿಕ್ ಆಮ್ಲಕ್ಕೆ ಬಿಟ್ಟರೆ ಆರು ಕಾರ್ಬನ್‌ಗಳ ಉಂಗುರದೊಳಕ್ಕೆ ನೈಟ್ರೋಜನ್ ನುಗ್ಗಿ ಕೂರುತ್ತದೆ, ಉಂಗುರ ಏಳರದ್ದಾಗುತ್ತದೆ. ಅದೇ ಕ್ಯಾಪ್ರೊಲ್ಯಾಕ್ಟಮ್, ಚಿಕ್ಕದಾಗಿ ಲ್ಯಾಕ್ಟಮ್. 1886ರಲ್ಲಿ ಜರ್ಮನ್ ರಸಾಯನಶಾಸ್ತ್ರಜ್ಞ ಬೆಕ್‌ಮನ್ ಕಂಡ ಮರುಜೋಡಣೆ ಇದು. ಆಕ್ಸೀಮ್‌ನಲ್ಲಿದ್ದ ಪರಮಾಣುಗಳೇ ಲ್ಯಾಕ್ಟಮ್‌ನಲ್ಲೂ ಇರುತ್ತವೆ, ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ. ಹಾಗಾಗಿ ಕಾಗದದ ಮೇಲೆ ಆಮ್ಲ ಬರೀ ವೇಗವರ್ಧಕ, ಅಂದರೆ ತಾನು ಖರ್ಚಾಗದೆ ಕೆಲಸ ಚುರುಕಾಗಿಸುವ ವಸ್ತು. ಪರೀಕ್ಷೆಯಲ್ಲಿ ನಾನೂ ಹಾಗೇ ಬರೆದು ಅಂಕ ತಗೊಂಡಿದ್ದೆ.

ಆದರೆ ಹುಟ್ಟಿದ ಲ್ಯಾಕ್ಟಮ್ ಆ ಆಮ್ಲವನ್ನು ಬಿಡುವುದೇ ಇಲ್ಲ. ತಾನೇ ದುರ್ಬಲ ಪ್ರತ್ಯಾಮ್ಲವಾದ್ದರಿಂದ ಅಂಟಿಕೊಂಡುಬಿಡುತ್ತದೆ. ಬಿಡಿಸಬೇಕೆಂದರೆ ಅಮೋನಿಯಾ ಹಾಕಿ ಆಮ್ಲವನ್ನೇ ಕೊಲ್ಲಬೇಕು. ಆಗ ದ್ರವ ಎರಡು ಪದರವಾಗಿ ಒಡೆಯುತ್ತದೆ: ಮೇಲೆ ಎಣ್ಣೆಯಂತೆ ತೇಲುವ ಕಚ್ಚಾ ಲ್ಯಾಕ್ಟಮ್, ಕೆಳಗೆ ಅಮೋನಿಯಂ ಸಲ್ಫೇಟ್ ದ್ರಾವಣ. ಕಾಲೇಜಿನ ಲ್ಯಾಬಿನಲ್ಲಿ ನಾವು ಮಂಜುಗಡ್ಡೆಯಲ್ಲಿಟ್ಟ ಬೀಕರಿಗೆ ಹನಿಹನಿಯಾಗಿ ಅಮೋನಿಯಾ ಬಿಡುತ್ತಿದ್ದೆವು. ಸ್ವಲ್ಪ ಅವಸರ ಮಾಡಿದರೂ ಬೀಕರ್ ಕೈಗೆ ಬಿಸಿ ಹತ್ತುತ್ತಿತ್ತು.

ಲೆಕ್ಕ ನೀವೇ ಹಾಕಿ. ಲ್ಯಾಕ್ಟಮ್‌ನ ಅಣುತೂಕ 113, ಅಮೋನಿಯಂ ಸಲ್ಫೇಟ್‌ನದ್ದು 132. ಒಂದಕ್ಕೊಂದು ಅಣು ಎಂದರೂ ಗೊಬ್ಬರದ ತೂಕವೇ ಹೆಚ್ಚು! ವಾಸ್ತವದಲ್ಲಿ ಆಮ್ಲ ಒಂದು ಪಾಲಿಗಿಂತ ಜಾಸ್ತಿಯೇ ಬೇಕು. ಹಳೆಯ ರಾಶಿಗ್ ವಿಧಾನದಲ್ಲಂತೂ ಹೈಡ್ರಾಕ್ಸಿಲಮೈನ್ ಬರುವುದೇ ಸಲ್ಫೇಟ್ ರೂಪದಲ್ಲಿ, ಅದರ ಆಮ್ಲಕ್ಕೂ ಅಮೋನಿಯಾ ಸುರಿಯಬೇಕು. ಎಲ್ಲ ಸೇರಿ ಒಂದು ಟನ್ ಲ್ಯಾಕ್ಟಮ್‌ಗೆ 4 ಟನ್ನಿಗೂ ಮಿಕ್ಕಿ ಗೊಬ್ಬರ. ತೂಕ ನೋಡಿ ಹೇಳುವುದಾದರೆ ಅದು ಗೊಬ್ಬರದ ಕಾರ್ಖಾನೆ, ಜೊತೆಗೆ ಒಂಚೂರು ನೈಲಾನ್. ಆ ಗೊಬ್ಬರದಲ್ಲಿರುವ ಸಾರಜನಕವೋ ಸುಮಾರು 21%, ಯೂರಿಯಾದ ಅರ್ಧಕ್ಕಿಂತ ಕಡಿಮೆ. ಅಗ್ಗದ ಸರಕಿಗಾಗಿ ಒಳ್ಳೆಯ ಅಮೋನಿಯಾ ಖರ್ಚು.

ಆಕ್ಸೀಮ್ ಹಂತದ ಸಲ್ಫೇಟನ್ನು ಆಮೇಲೆ ಬೇರೆ ವಿಧಾನಗಳು ನಿವಾರಿಸಿದವು. ಅಮೋನಿಯಾ, ಹೈಡ್ರೋಜನ್ ಪೆರಾಕ್ಸೈಡ್, ಟೈಟಾನಿಯಂ ಇರುವ ಜಿಯೋಲೈಟ್ (ಅತಿ ಸಣ್ಣ ರಂಧ್ರಗಳಿರುವ ಖನಿಜದಂಥ ವಸ್ತು) ಬಳಸಿ ನೇರವಾಗಿ ಆಕ್ಸೀಮ್ ಮಾಡುವುದು ಅವುಗಳಲ್ಲೊಂದು. ಓಲಿಯಂ ಹಂತ ಮಾತ್ರ ಹಟ ಹಿಡಿದು ಕೂತಿತ್ತು. 2003ರಲ್ಲಿ ಜಪಾನಿನ ಸುಮಿಟೊಮೊ ಕೆಮಿಕಲ್ ಆಕ್ಸೀಮನ್ನು ಆವಿಯಾಗಿಸಿ, ಮೆಥನಾಲ್ ಜೊತೆ ಸಿಲಿಕಾ ಹೆಚ್ಚಿರುವ ಜಿಯೋಲೈಟ್ ಮೇಲೆ ಹಾಯಿಸುವ ಘಟಕವನ್ನು ಶುರು ಮಾಡಿತು. ಆ ವಿಧಾನದಲ್ಲಿ ಸಲ್ಫ್ಯೂರಿಕ್ ಆಮ್ಲವೇ ಇಲ್ಲ, ಹಾಗಾಗಿ ಕೊಲ್ಲುವುದಕ್ಕೂ ಏನಿಲ್ಲ. ಜಿಯೋಲೈಟ್ ಮೇಲೆ ಕೂರುವ ಮಸಿಯನ್ನು ಆಗಾಗ ಸುಟ್ಟು ತೆಗೆಯುವ ಕೆಲಸವೊಂದಿದೆ, ಅಷ್ಟೆ.