ಪಂಪ್ ಪ್ಲೇಟಲ್ಲಿರೋ ಹೆಡ್ಡೇ ಬೇರೆ, ಇಂಜಿನ್ ಹೆಡ್ಡೇ ಬೇರೆ ಕಣಣ್ಣ

ಮಳವಳ್ಳಿ ಕಡೆ ಅಣ್ಣ ಕೇಳವ್ರೆ, ಅಂಗಡಿಯೋನು ಹೆಡ್ ಎಷ್ಟು ಬೇಕು ಅಂತಾನೆ, ಮೆಕ್ಯಾನಿಕ್ಕು ಹೆಡ್ ಹೋಗದೆ ಅಂತಾನೆ, ಎರಡೂ ಒಂದೇನಾ ಅಂತ. ಅಲ್ಲ ಕಣಣ್ಣ. ಮೆಕ್ಯಾನಿಕ್ ಹೇಳೋದು ಡೀಸೆಲ್ ಇಂಜಿನ್ನಲ್ಲಿ ಸಿಲಿಂಡರ್ ಮೇಲೆ ಬೋಲ್ಟ್ ಹಾಕಿ ಕೂರಿಸಿರ್ತಾರಲ್ಲ, ಆ ಮುಚ್ಚಳ. ವಿ.ಸಿ. ನಾಲೆಯೋರು (ವಿಶ್ವೇಶ್ವರಯ್ಯ ನಾಲೆ) ಹೆಡ್ ಅಂದ್ರೆ ನಾಲೆ ಶುರುವಾಗೋ ತಲೆಭಾಗ, ಅದುಕ್ಕೇ ಕೊನೇಲಿರೋ ನಮ್ಮನ್ನ ಟೇಲ್ ಎಂಡ್ ಅನ್ನೋದು. ಸ್ಪ್ರಿಂಕ್ಲರ್ ಹೆಡ್ ಅಂದ್ರೆ ತಿರುಗೋ ಮೂತಿ. ಇವೆಲ್ಲ ಕಣ್ಣಿಗೆ ಕಾಣೋವು, ಮೋಸ ಹೋಗಲ್ಲ.

ಪಂಪಿನ ಹೆಡ್ಡು ಮಾತ್ರ ಕೈಗೆ ಸಿಗೋ ಸಾಮಾನಲ್ಲ, ನೀರನ್ನ ಎಷ್ಟು ಎತ್ತರಕ್ಕೆ ತಳ್ತದೆ ಅನ್ನೋ ಲೆಕ್ಕ, ಮೀಟರಲ್ಲಿ. ಎತ್ತರ ಒಂದೇ ಅಲ್ಲ, ಪೈಪ್ ಒಳಗೆ ಉಜ್ಜಿ ಕಳೆಯೋದು, ಡ್ರಿಪ್ಪಿಗೆ ಬೇಕಾದ ಪ್ರೆಶರ್ರು ಎಲ್ಲ ಸೇರ್ತದೆ, 1 ಕೆಜಿ ಪ್ರೆಶರ್ ಅಂದ್ರೆ 10 ಮೀಟರ್ ಹೆಡ್ಡು ಅಂದ್ಕೊಳಿ. ನಮ್ಮ ಬೋರಲ್ಲಿ ಮೋಟ್ರು ಓಡುವಾಗ ನೀರು 60 ಮೀಟರ್ ಕೆಳಗೆ ನಿಲ್ತದೆ, ಜಮೀನು ಬೋರಿನ ಬಾಯಿಂದ 5 ಮೀಟರ್ ಏರು, ಪೈಪಿಗೆ 8, ಫಿಲ್ಟರು ಡ್ರಿಪ್ಪಿಗೆ 15. ಒಟ್ಟು 88. ನಾನು ಈ ಲೆಕ್ಕ ಹಾಕ್ದೆ ಹೆಚ್‌ಪಿ ಒಂದೇ ನೋಡಿ ತಂದುಬುಟ್ಟೆ, ಪ್ಲೇಟಲ್ಲಿ ಹೆಡ್ 40/90 ಅಂತ ಇತ್ತು, 90 ಅದಲ್ಲ ಸಾಕು ಅಂತ ಅಂಗಡಿಯೋನೂ ಅಂದ. ಹಾಕುದ್ರೆ ಮೊದಲ್ನೇ ಸಾಲಲ್ಲಿ ತೊಟ್ಟು ತೊಟ್ಟು ಬತ್ತದೆ, ಕೊನೇ ಸಾಲಿನ ತೆಂಗಿನ ಬುಡದಲ್ಲಿ ಬೆಳ್ಳಗೆ ಒಣಮಣ್ಣು, ಎರಡು ದಿನ ಓಡ್ಸುದ್ರೂ ಒದ್ದೆ ಇಲ್ಲ. 90 ಅನ್ನೋದು ಅದರ ತುತ್ತತುದಿ ಅಣ್ಣ, ಅಲ್ಲಿಗೋಗೋಷ್ಟೊತ್ತಿಗೆ ನೀರು ಕಮ್ಮಿಯಾಗ್ಬುಟ್ಟಿರ್ತದೆ. ಹೆಡ್ ಏರ್ದಂಗೆ ನೀರು ಇಳೀತದೆ, ನಮ್ಮ ಲೆಕ್ಕ ಆ ಎರಡು ನಂಬರ್‌ನ ನಡುಮಧ್ಯದ ಆಸುಪಾಸಲ್ಲಿ ಬರ್ಬೇಕು, ನನ್ನ 88ರಂಗೆ ತುದಿಗೆ ಅಂಟ್ಕೊಂಡಿರ್ಬಾರ್ದು.

ಬಾವಿ ಮೇಲೆ ಮಾನೋಬ್ಲಾಕ್ (ಮೋಟ್ರು ಪಂಪು ಒಂದೇ ಆಗಿರೋದು) ಇಡೋರಿಗೆ ಇನ್ನೊಂದು, ನೀರು 6-7 ಮೀಟರ್‌ಗಿಂತ ಕೆಳಗಿದ್ರೆ ಎಳೆಯಲ್ಲ, ಹೆಚ್‌ಪಿ ಎಷ್ಟು ಏರ್ಸುದ್ರೂ ಅಷ್ಟೇ, ಯಾಕಂದ್ರೆ ನೀರನ್ನ ಮೇಲಕ್ಕೆ ಒತ್ತೋದು ಹೊರಗಿನ ಗಾಳಿ. ಇದೇ ಹೆಡ್ಡು ಉಲ್ಟಾ ಆದ್ರೆ ಕರೆಂಟು, ನಿಮ್ಮ ತಾಲ್ಲೂಕಿನ ಶಿವನಸಮುದ್ರದಲ್ಲಿ ನೀರು ಬೀಳೋ ಎತ್ತರದಿಂದ್ಲೇ 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಕರೆಂಟು ಹೋಗಿದ್ದು.

ಅಣ್ಣ, ಅಂಗಡಿಗೆ ಹೋಗೋ ಮುಂಚೆ ಮೋಟ್ರು ಒಂದೆರಡು ಗಂಟೆ ಓಡ್ಸಿ ನೀರು ಎಲ್ಲಿಗೆ ಇಳೀತದೆ ಅಂತ ಅಳೀರಿ, ಪೈಪ್ ಎಷ್ಟು ಇಂಚು ಎಷ್ಟು ಉದ್ದ ಅಂತ ಇಲ್ಲಿ ಹಾಕಿ, ಲೆಕ್ಕ ಮಾಡ್ಕೊಡ್ತೀನಿ. ಅಂಗಡಿಯಲ್ಲಿ ಎಷ್ಟು ಹೆಡ್ಡಿಗೆ ಎಷ್ಟು ಲೀಟರ್ ಬತ್ತದೆ ಅನ್ನೋ ಪಟ್ಟಿ ಕೇಳಿ, ತೋರ್ಸಲ್ಲ ಅಂದ್ರೆ ಬೇರೆ ಅಂಗಡಿಗೆ ಹೋಗಿ.